ಗೋಡೆಯೊಳಗೆ ಪೈಪು, ಹೊರಗೆ ಜಗಳ

ಬೆಂಗಳೂರಿನ ಚಿಕ್ಕಪೇಟೆಯ ಮಗ್ಗುಲಲ್ಲೇ ಇರುವ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋದರೆ ಕಾಲಿಡಲು ಜಾಗವಿರುವುದಿಲ್ಲ. ಸಾಲುಸಾಲಾಗಿ ವಿದ್ಯುತ್ ಸಾಮಾನಿನ ಅಂಗಡಿಗಳು. ಒಂದರಲ್ಲಿ ಹಾಡಹಗಲೇ ಉರಿಯುತ್ತಿರುವ ತೂಗುದೀಪಗಳು, ಪಕ್ಕದ್ದರಲ್ಲಿ ಕೆಂಪು, ಹಳದಿ, ನೀಲಿ ವೈರಿನ ಸುರುಳಿಗಳು, ಅದರಾಚೆ ಕಬ್ಬಿನ ಹೊರೆಯಂತೆ ಕಟ್ಟಿ ನಿಲ್ಲಿಸಿದ ಪಿವಿಸಿ ಪೈಪುಗಳು. ಮನೆ ಕಟ್ಟಿಸುವವರು ಇಲ್ಲಿಗೆ ಸಂಸಾರ ಸಮೇತ ಬರುತ್ತಾರೆ. ನಡುಮನೆಯ ತೂಗುದೀಪ ಆರಿಸುವುದಕ್ಕೇ ಎರಡು ಗಂಟೆ ಬೇಕು. ಅತ್ತೆ ಮೆಚ್ಚಿದ್ದು ಸೊಸೆಗೆ ಹಿಡಿಸದು, ಸೊಸೆ ಮೆಚ್ಚಿದ್ದರ ಬೆಲೆ ಯಜಮಾನರಿಗೆ ಹಿಡಿಸದು!

ಅದೇ ಅಂಗಡಿಯ ಮೂಲೆಯಲ್ಲಿ ಅವರ ಮನೆಯ ಎಲೆಕ್ಟ್ರಿಷಿಯನ್ ಒಂದು ಚೀಟಿ ಹಿಡಿದು ನಿಂತಿರುತ್ತಾರೆ. ಮುಕ್ಕಾಲಿಂಚು ಪೈಪು ಇಷ್ಟು, ಒಂದಿಂಚಿನದು ಇಷ್ಟು, ಬೆಂಡು, ಫ್ಯಾನ್ ಬಾಕ್ಸು, ಸ್ವಿಚ್ ಬೋರ್ಡಿನ ಡಬ್ಬಿ, ಹಸಿರು ವೈರು. ಆ ಚೀಟಿಯ ಮೇಲೆ ಮನೆಯವರು ಕಣ್ಣು ಹಾಯಿಸುವುದೂ ಅಪರೂಪ. ಅದರಲ್ಲಿರುವುದೆಲ್ಲ ತಾರಸಿಯೊಳಗೆ, ಗೋಡೆಯೊಳಗೆ ಹೂತುಹೋಗುವ ಸಾಮಾನು. ಕಾಣದ ಸಾಮಾನಿಗೆ ಚೌಕಾಸಿ ಮಾಡುವ ಉತ್ಸಾಹ ಯಾರಿಗಿರುತ್ತದೆ, ಹೇಳಿ?

ಈ ಪೇಟೆಗೂ ವಿದ್ಯುತ್ತಿಗೂ ಹಳೆಯ ನಂಟು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ತಯಾರಾದ ವಿದ್ಯುತ್ತು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಪಾಳಿ ಬಂದದ್ದು 1905ರ ಆಗಸ್ಟ್‌ನಲ್ಲಿ. ಈಗಿನ ಕೆ.ಆರ್. ಮಾರುಕಟ್ಟೆಯ ಆಸುಪಾಸಿನಲ್ಲಿ ಆಗ ಬೀದಿದೀಪಗಳು ಹೊತ್ತಿಕೊಂಡವು. ನಿಧಾನವಾಗಿ ವಿದ್ಯುತ್ತು ಮನೆಗಳಿಗೂ ಬಂತು. ಆ ಕಾಲದ ಮನೆಗಳಲ್ಲಿ ವೈರು ಗೋಡೆಯ ಮೇಲೆಯೇ ಓಡುತ್ತಿತ್ತು. ಗೋಡೆಗೆ ಮರದ ಪಟ್ಟಿ, ಪಟ್ಟಿಗೆ ತಗಡಿನ ಕ್ಲಿಪ್ಪು, ಕ್ಲಿಪ್ಪಿನಲ್ಲಿ ವೈರು. ಅಜ್ಜಿಯ ಮನೆಯ ಜಂತೆಯ ಕೆಳಗೆ ಇಂದಿಗೂ ಅದನ್ನು ಕಾಣುವವರಿದ್ದಾರೆ. ನೋಡಲು ಅಂದವೇನಲ್ಲ, ಆದರೆ ಕೆಟ್ಟರೆ ಎಲ್ಲಿ ಕೆಟ್ಟಿತೆಂದು ಕಣ್ಣಿಗೆ ಕಾಣುತ್ತಿತ್ತು.

ಆಮೇಲೆ ವೈರು ಗೋಡೆಯೊಳಕ್ಕೆ ಹೋಯಿತು. ಮನೆಯ ಚೆಂದ ಹೆಚ್ಚಿತು. ಅದರ ಜೊತೆಗೆ ಇನ್ನೊಂದೂ ಆಯಿತು. ಎಲೆಕ್ಟ್ರಿಷಿಯನ್‌ನ ಕೆಲಸ ಕಂಬಿ ಕಟ್ಟುವವರ, ಗಾರೆಯವರ, ಪ್ಲಂಬರ್‌ಗಳ, ಟೈಲ್ಸ್‌ನವರ, ಬಡಗಿಗಳ, ಪೇಂಟರ್‌ಗಳ ಕೆಲಸದೊಳಗೆ ಸಿಕ್ಕಿಕೊಂಡಿತು. ಅಂದಿನಿಂದ ಕಟ್ಟಡದ ಜಾಗದಲ್ಲಿ ಅವರ ಗೊಣಗಾಟವೂ ಶುರುವಾಯಿತು. ಆ ಗೊಣಗಾಟದಲ್ಲಿ ನಮ್ಮ ನಿಮ್ಮ ಮನೆಯ ಮಕ್ಕಳ ಕ್ಷೇಮವೂ ಸೇರಿದೆ ಎಂಬುದು ಕಟ್ಟಡದ ಜಾಗಕ್ಕೆ ಹೋಗಿ ನೋಡಿದರೆ ಮಾತ್ರ ತಿಳಿಯುತ್ತದೆ.

ಒಂದೇ ಬೀದಿ, ಮೂರು ಮನೆ

ನೋಡಬೇಕೆನ್ನುವವರು ಚಿಕ್ಕಪೇಟೆಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ ಬಿಟ್ಟು ನೇರಳೆ ಮಾರ್ಗ ಹಿಡಿದು, 2023ರ ಅಕ್ಟೋಬರ್‌ನಲ್ಲಿ ತೆರೆದ ಚಲ್ಲಘಟ್ಟ ನಿಲ್ದಾಣದಲ್ಲಿ ಇಳಿಯಬೇಕು. ಅಲ್ಲಿಂದ ಆಟೋ ಹಿಡಿದರೆ ನಾಡಪ್ರಭು ಕೆಂಪೇಗೌಡ ಬಡಾವಣೆ ಸಿಗುತ್ತದೆ. ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ ಬಿಡಿಎ ರೂಪಿಸಿದ ವಿಶಾಲ ಬಡಾವಣೆ. ಅಗಲವಾದ ರಸ್ತೆಗಳು, ಕಳೆ ಬೆಳೆದ ಖಾಲಿ ನಿವೇಶನಗಳು, ನಡುನಡುವೆ ಏಳುತ್ತಿರುವ ಮನೆಗಳು. ಜಲ್ಲಿ ರಾಶಿಯ ಮೇಲೆ ಮಲಗಿದ ನಾಯಿ, ತಗಡಿನ ಶೆಡ್ಡಿನ ಮುಂದೆ ಒಲೆ ಹೊತ್ತಿಸಿದ ವಾಚ್‌ಮನ್ ಸಂಸಾರ.

ಇಲ್ಲಿನ ಒಂದು ಅಡ್ಡರಸ್ತೆಯಲ್ಲಿ ಈಚೆಗೆ ಮೂರು ಮನೆಗಳ ಕೆಲಸ ಒಟ್ಟಿಗೆ ನಡೆಯುತ್ತಿತ್ತು. ಒಂದರಲ್ಲಿ ತಾರಸಿಗೆ ಮೋಲ್ಡ್ ಹಾಕುವ ತಯಾರಿ, ಎರಡನೆಯದರಲ್ಲಿ ಗಾರೆ, ಮೂರನೆಯದರಲ್ಲಿ ಬಣ್ಣ. ಒಂದು ಮನೆ ಬೆಳೆಯುವ ಬಗೆಯನ್ನು ಹತ್ತು ನಿಮಿಷದ ನಡಿಗೆಯಲ್ಲಿ ನೋಡಬಹುದಿತ್ತು. ಮೂರಕ್ಕೂ ಎಲೆಕ್ಟ್ರಿಷಿಯನ್ ಒಬ್ಬರೇ. ಕುಣಿಗಲ್ ಕಡೆಯವರು. ಐಟಿಐ ಮುಗಿಸಿ ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿದ್ದಾರೆ. ಜೊತೆಗೆ ಇಬ್ಬರು ಹುಡುಗರು.

ಮೊದಲ ಮನೆಯ ಏಣಿ ಹತ್ತಿ ನೋಡಿದರೆ ಸೆಂಟ್ರಿಂಗ್ ಹಲಗೆಗಳ ಮೇಲೆ ಕಂಬಿಯ ಬಲೆ. ಅದರ ನಡುವೆ ಹಾವಿನಂತೆ ಹರಿದ ಪೈಪುಗಳು. ಪ್ರತಿ ಕೋಣೆಯ ನಡುವೆ ಕಬ್ಬಿಣದ ಕೊಕ್ಕೆಯಿರುವ ಫ್ಯಾನ್ ಬಾಕ್ಸು. ಬಾಕ್ಸಿನೊಳಕ್ಕೆ ಕಾಂಕ್ರೀಟು ಇಳಿಯದಂತೆ ಹಳೆಯ ಸಿಮೆಂಟ್ ಚೀಲದ ಕಾಗದ ತುರುಕುತ್ತಾ ಅವರು ಕುಳಿತಿದ್ದರು. ಕಂಬಿ ಕಟ್ಟುವವರು ಕೆಲಸ ಬಿಟ್ಟುಕೊಟ್ಟದ್ದು ಸಂಜೆ ನಾಲ್ಕಕ್ಕೆ. ಮರುದಿನ ಬೆಳಿಗ್ಗೆ ಆರಕ್ಕೆ ಕಾಂಕ್ರೀಟ್ ಗಾಡಿ ಬರುತ್ತದೆ. ನಡುವೆ ಸಿಕ್ಕ ಬೆಳಕಿನ ಎರಡು ಗಂಟೆಯಲ್ಲಿ ಇಡೀ ಮನೆಯ ಪೈಪು ಎಳೆಯಬೇಕು.

ಅಷ್ಟರಲ್ಲಿ ರಾಯಚೂರಿನ ಕಡೆಯ ಗಾರೆ ಮೇಸ್ತ್ರಿಯೊಬ್ಬರು ಕಂಬಿಯ ಮೇಲೆ ನಡೆದು ಬಂದರು. ಕಾಲು ಸರಿಯಾಗಿ ಪೈಪಿನ ಮೇಲೆಯೇ!

"ಅಣ್ಣಾ, ಪೈಪಿನ ಮೇಲೆ ಕಾಲಿಡ್ಬೇಡ್ರಣ್ಣಾ."

"ಮತ್ತೆಲ್ಲಿ ಇಡೋಣ್ರೀ? ಕಾಲ ತೆಲಿ ಮ್ಯಾಲ ಇಟ್ಕೊಂಡು ಹೋಗೋಣೇನು?"

ಸುತ್ತಲಿದ್ದವರೆಲ್ಲ ನಕ್ಕರು. ಎಲೆಕ್ಟ್ರಿಷಿಯನ್ ಕೂಡ ನಕ್ಕರು. ಆದರೆ ಅವರು ಹೇಳಿದ ಮಾತಿನಲ್ಲಿ ಸತ್ಯವಿತ್ತು. ಕಾಲು ಬಿದ್ದರೆ ಪೈಪು ಕೂಡಿಕೆಯಲ್ಲಿ ಕಳಚಿಕೊಳ್ಳುತ್ತದೆ. ಕಾಂಕ್ರೀಟು ಸುರಿದ ಮೇಲೆ ಅದನ್ನು ಕೂರಿಸಲು ವೈಬ್ರೇಟರ್ ಇಳಿಸುತ್ತಾರೆ. ಅದರ ನಡುಕಕ್ಕೆ ಸಡಿಲಾದ ಕೂಡಿಕೆ ಪೂರ್ತಿ ಬಿಡುತ್ತದೆ. ಸಿಮೆಂಟಿನ ಹಾಲು ಒಳನುಗ್ಗಿ ಅಲ್ಲಿಯೇ ಗಟ್ಟಿಯಾಗುತ್ತದೆ. ಇದು ಗೊತ್ತಾಗುವುದು ವಾರಗಳ ನಂತರ, ಸೆಂಟ್ರಿಂಗ್ ಬಿಚ್ಚಿ ಪೈಪಿನೊಳಗೆ ಸ್ಪ್ರಿಂಗ್ ಬಿಟ್ಟಾಗ. ಸ್ಪ್ರಿಂಗ್ ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ಆಗ ಉಳಿದಿರುವುದು ಎರಡೇ ದಾರಿ. ತಾರಸಿಯ ಅಡಿಭಾಗ ಒಡೆಯಬೇಕು, ಇಲ್ಲವೇ ಹೊರಗೆ ಪಟ್ಟಿ ಹೊಡೆದು ವೈರು ಎಳೆಯಬೇಕು. ಒಡೆದರೆ ಕಂಬಿಗೆ ಏಟು ಬೀಳುತ್ತದೆಂದು ಇಂಜಿನಿಯರ್ ಬೈಯುತ್ತಾರೆ. ಪಟ್ಟಿ ಹೊಡೆದರೆ ಅಂದಗೆಟ್ಟಿತೆಂದು ಮನೆಯ ಯಜಮಾನರು ಬೈಯುತ್ತಾರೆ. ಪೈಪು ತುಳಿದವರು ಆ ಹೊತ್ತಿಗೆ ಬೇರೆ ಮನೆಯ ತಾರಸಿಯ ಮೇಲಿರುತ್ತಾರೆ.

ಗೋಡೆ ಕೊರೆಯುವ ಪಾಪ

ಎರಡನೆಯ ಮನೆಯಲ್ಲಿ ದೂರು ಹೇಳುವ ಪಾಳಿ ಗಾರೆಯವರದ್ದು. "ನಾವು ರಸಮಟ್ಟ ಹಿಡಿದು, ಗುಂಡು ಬಿಟ್ಟು ಗೋಡೆ ಎಬ್ಬಿಸ್ತೀವಿ. ಇವರು ಮಷಿನ್ ಹಿಡ್ಕೊಂಡು ಬಂದು ಸೀಳಿ ಹಾಕ್ತಾರ. ಕಟ್ಟಿದವರ ಹೊಟ್ಟಿ ಉರಿಯೂದಿಲ್ಲೇನ್ರೀ?" ಎನ್ನುತ್ತಾರೆ.

ಈ ಮಾತನ್ನು ತಳ್ಳಿಹಾಕುವಂತಿಲ್ಲ. ಗೋಡೆಯನ್ನು ಮೇಲಿಂದ ಕೆಳಕ್ಕೆ ಕೊರೆಯುವುದಾದರೆ ಅದರ ದಪ್ಪದ ಮೂರರಲ್ಲಿ ಒಂದು ಪಾಲು, ಅಡ್ಡಲಾಗಿ ಕೊರೆಯುವುದಾದರೆ ಆರರಲ್ಲಿ ಒಂದು ಪಾಲು ಮೀರಬಾರದೆಂದು ಭಾರತೀಯ ಮಾನಕ ಸಂಹಿತೆ ಹೇಳುತ್ತದೆ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ನಾಲ್ಕು ಇಂಚಿನ ಗೋಡೆಯ ಆರನೆಯ ಒಂದು ಪಾಲು ಎಂದರೆ ಮುಕ್ಕಾಲು ಇಂಚಿಗೂ ಕಡಿಮೆ. ಅಂದರೆ ಅಂಥ ಗೋಡೆಯಲ್ಲಿ ಅಡ್ಡಲಾಗಿ ಮುಕ್ಕಾಲಿಂಚು ಪೈಪು ಕೂರಿಸುವಂತೆಯೇ ಇಲ್ಲ! ಆದರೂ ಎಷ್ಟೋ ಮನೆಗಳಲ್ಲಿ ಅದು ಕೂತಿದೆ. ಕಾರಣ, ಸ್ವಿಚ್ಚು ಎಲ್ಲಿ ಬರಬೇಕೆಂಬ ತೀರ್ಮಾನ ಗೋಡೆ ಕಟ್ಟಿದ ಮೇಲೆ ಆಗುತ್ತದೆ. ನಕ್ಷೆಯಲ್ಲಿ ಮೊದಲೇ ಗುರುತು ಹಾಕಿದ್ದರೆ ಪೈಪು ಮೇಲಿಂದ ನೆಟ್ಟಗೆ ಇಳಿಯುತ್ತಿತ್ತು.

ಕೊರೆದದ್ದಾಯಿತು, ಪೈಪು ಕೂತದ್ದಾಯಿತು, ಡಬ್ಬಿ ನಿಂತದ್ದಾಯಿತು. ಇನ್ನು ಗಾರೆ. ಗಾರೆ ಅರ್ಧ ಇಂಚು ಬರುತ್ತದೆಂದು ಲೆಕ್ಕ ಹಾಕಿ ಡಬ್ಬಿಯನ್ನು ಅಷ್ಟು ಮುಂದಕ್ಕೆ ನಿಲ್ಲಿಸಿರುತ್ತಾರೆ. ಗೋಡೆ ಡೊಂಕಾಗಿದ್ದರೆ ಅದನ್ನು ಮರೆಸಲು ಗಾರೆಯವರು ಒಂದು ಇಂಚು ಮೆತ್ತುತ್ತಾರೆ. ಡಬ್ಬಿ ಬಾವಿಯ ತಳ ಸೇರುತ್ತದೆ. ಕೆಲವೊಮ್ಮೆ ಕರಣೆಯ ಒಂದೇ ಏಟಿಗೆ ಡಬ್ಬಿ ಪೂರ್ತಿ ಮುಚ್ಚಿಹೋಗುತ್ತದೆ. ಆಮೇಲೆ ಎಲೆಕ್ಟ್ರಿಷಿಯನ್ ಗೋಡೆಯನ್ನು ತಟ್ಟಿ ತಟ್ಟಿ ಹುಡುಕಬೇಕು.

ಸ್ನಾನದ ಮನೆಯಲ್ಲಿ ಪ್ಲಂಬರ್ ಜೊತೆಗೆ ಜಾಗದ ತಕರಾರು. ಸುಲಭವಾಗಿ ಕೊರೆಯಬಹುದಾದ ಗೋಡೆ ಇಬ್ಬರಿಗೂ ಬೇಕು. ಮೊದಲು ಬಂದವರದ್ದೇ ಜಾಗ. ಗೀಸರಿನ ಪಾಯಿಂಟಿಗೆ ಎಳೆದ ಪೈಪನ್ನು ಅಡ್ಡಹಾದು ನೀರಿನ ಕೊಳವೆ ಹೋಗುತ್ತದೆ. ಅಡುಗೆ ಮನೆಯಲ್ಲಿ ಟೈಲ್ಸ್‌ನವರ ಸರದಿ. ನೆಲ ಎರಡು ಇಂಚು ಏರಿತು, ಅಡುಗೆ ಕಟ್ಟೆ ಏರಿತು, ಗ್ರಾನೈಟ್ ಪಟ್ಟಿ ಬಂದು ಮಿಕ್ಸಿಯ ಪಾಯಿಂಟಿನ ಅರ್ಧ ಮುಚ್ಚಿಕೊಂಡಿತು. "ಪಾಯಿಂಟ್ ಅಷ್ಟು ಕೆಳಗೆ ಯಾಕಿಟ್ಟೆ?" ಎಂದು ಕೇಳುವುದು ಎಲೆಕ್ಟ್ರಿಷಿಯನ್‌ನನ್ನೇ!

ಇವೆಲ್ಲ ಸಹಿಸಬಹುದಾದ ಕಿರಿಕಿರಿ. ಇನ್ನೊಂದು ನೋಟ ಮಾತ್ರ ಯಾರ ಎದೆಯನ್ನಾದರೂ ನಡುಗಿಸುವಂಥದ್ದು. ಟೈಲ್ಸ್ ಕತ್ತರಿಸುವ ಯಂತ್ರಕ್ಕೆ ಪ್ಲಗ್ ಇರಲಿಲ್ಲ. ವೈರಿನ ಎರಡು ತುದಿ ಸುಲಿದು ನೇರವಾಗಿ ಸಾಕೆಟ್ಟಿನ ತೂತಿಗೆ ತುರುಕಿ, ಅಲುಗಾಡದಂತೆ ಎರಡು ಬೆಂಕಿಕಡ್ಡಿ ಚುಚ್ಚಿದ್ದರು. ವೈರಿಗೆ ಅಲ್ಲಲ್ಲಿ ಟೇಪಿನ ತೇಪೆ. ಅದು ಬಿದ್ದಿದ್ದದ್ದು ಗೋಡೆಗೆ ಹೊಡೆದ ನೀರು ಹರಿದು ನಿಂತ ನೆಲದ ಮೇಲೆ. ಅಲ್ಲೇ ವಾಚ್‌ಮನ್‌ನ ಪುಟ್ಟ ಮಗಳು ಒಡೆದ ಟೈಲ್ಸ್ ಚೂರುಗಳಲ್ಲಿ ಆಡುತ್ತಿದ್ದಳು. ಎಲೆಕ್ಟ್ರಿಷಿಯನ್ ಮಾತಾಡದೆ ಹೋಗಿ ಸ್ವಿಚ್ಚು ಆರಿಸಿ, ಕಡ್ಡಿ ಕಿತ್ತು, ತಮ್ಮ ಚೀಲದಿಂದ ಒಂದು ಮೂರು ಪಿನ್ನಿನ ಪ್ಲಗ್ ತೆಗೆದು ಹಾಕಿಕೊಟ್ಟರು. "ಇಂಥ ಪ್ಲಗ್ ತಿಂಗಳಿಗೆ ನಾಲ್ಕೈದು ಹಂಚ್ತೀನಿ ಸಾರ್. ಯಾರೂ ಕಾಸು ಕೊಡಲ್ಲ. ಆದ್ರೆ ಏನಾದ್ರೂ ಆದ್ರೆ ಮೊದಲು ಕರೆಯೋದು ನನ್ನನ್ನೇ" ಎಂದರು.

ಬಣ್ಣದ ಮನೆ

ಮೂರನೆಯ ಮನೆಗೆ ಮಾವಿನ ತೋರಣವೊಂದೇ ಬಾಕಿ ಎಂಬಂತಿತ್ತು. ಗೃಹಪ್ರವೇಶದ ಮುಹೂರ್ತ ನಿಗದಿಯಾಗಿ, ಆಮಂತ್ರಣ ಹಂಚಿಯೂ ಆಗಿತ್ತು. ಕೆಲಸ ಎಲ್ಲಿ ತಡವಾದರೂ ಮುಹೂರ್ತ ಮುಂದೆ ಹೋಗುವುದಿಲ್ಲ. ಕಂಬಿಯವರು ನಾಲ್ಕು ದಿನ, ಗಾರೆಯವರು ಒಂದು ವಾರ, ಬಡಗಿಗಳು ಹದಿನೈದು ದಿನ ತಡ ಮಾಡಿದ್ದೆಲ್ಲ ಸೇರಿ ಕೊನೆಯಲ್ಲಿ ಬರುವವರ ತಲೆಯ ಮೇಲೆ ಬೀಳುತ್ತದೆ. ಸ್ವಿಚ್ಚು ಕೂರಿಸುವುದು, ದೀಪ ತೂಗುಹಾಕುವುದು, ಕೊನೆಯ ಪರೀಕ್ಷೆ ಎಲ್ಲವೂ ಕೊನೆಯಲ್ಲಿಯೇ ಬರುವ ಕೆಲಸ. ಒಂದು ವಾರದ ಕೆಲಸವನ್ನು ಎರಡು ರಾತ್ರಿಯಲ್ಲಿ ಮುಗಿಸಬೇಕು.

ಈ ಮನೆಯಲ್ಲಿ ವಾಸ್ತು ನೋಡಿದ ಯಾರೋ ಒಬ್ಬರು ಮಲಗುವ ಕೋಣೆಯ ಬಾಗಿಲು ಇನ್ನೊಂದು ಬದಿಗೆ ತೆರೆದುಕೊಳ್ಳಲಿ ಎಂದರಂತೆ. ಬಡಗಿ ಕೀಲು ಬದಲಾಯಿಸಿ ಹೋದರು. ಈಗ ಸ್ವಿಚ್ ಬೋರ್ಡು ಬಾಗಿಲ ಹಿಂದೆ. ಕತ್ತಲಲ್ಲಿ ಒಳಗೆ ಹೋಗಿ, ಬಾಗಿಲು ಮುಚ್ಚಿ, ತಡವರಿಸಿ ದೀಪ ಹಾಕಬೇಕು. ಇನ್ನೊಂದು ಕೋಣೆಯಲ್ಲಿ ಗೋಡೆಯುದ್ದದ ಕಪಾಟು ಬಂದು ಎರಡು ಪಾಯಿಂಟುಗಳನ್ನು ನುಂಗಿತ್ತು.

ಪೇಂಟರ್‌ಗಳದ್ದು ಬೇರೆಯೇ ಕತೆ. ಪುಟ್ಟಿ ಎಳೆಯುವಾಗ ಡಬ್ಬಿಯಿಂದ ಇಣುಕುತ್ತಿದ್ದ ವೈರುಗಳಿಗೂ ಎಳೆದಿದ್ದರು. ಕೆಂಪು, ಕಪ್ಪು, ಹಸಿರು ಎಲ್ಲವೂ ಬಿಳಿ! ಇದು ನಗುವ ವಿಷಯವೆಂದು ತೋರಬಹುದು. ಆದರೆ ವೈರಿನ ಬಣ್ಣವೇ ಎಲೆಕ್ಟ್ರಿಷಿಯನ್‌ನ ಅಕ್ಷರಮಾಲೆ. ಕೆಂಪು, ಹಳದಿ, ನೀಲಿ ವಿದ್ಯುತ್ ಹರಿದು ಬರುವ ಫೇಸ್‌ಗಳು. ಕಪ್ಪು ಅದು ಹಿಂದಿರುಗುವ ನ್ಯೂಟ್ರಲ್. ಹಸಿರು ಅರ್ಥಿಂಗ್, ಅಂದರೆ ಭೂಮಿಯ ಸಂಪರ್ಕ. ಅಕ್ಷರ ಅಳಿಸಿದ ಪುಸ್ತಕವನ್ನು ಅವಸರದಲ್ಲಿ ಓದಿದರೆ ಏನಾಗಬಹುದು? ಅವರ ಹುಡುಗ ಚಿಂದಿ ಬಟ್ಟೆ ಹಿಡಿದು ಒಂದೊಂದೇ ವೈರು ಒರೆಸುತ್ತಾ ಕುಳಿತಿದ್ದ.

ಸಹಿ ಹಾಕುವವರು

ಎಲೆಕ್ಟ್ರಿಷಿಯನ್‌ಗಳ ಮೇಲೂ ದೂರುಗಳಿವೆ. ಏಕಕಾಲಕ್ಕೆ ನಾಲ್ಕು ಕಡೆ ಕೆಲಸ ಒಪ್ಪಿಕೊಂಡು ಕರೆದಾಗ ಬರುವುದಿಲ್ಲ, ಕೊರೆದ ಗೋಡೆಯ ಪುಡಿಯನ್ನು ಗುಡಿಸುವುದಿಲ್ಲ, ಬಣ್ಣ ಹೊಡೆದ ಮೇಲೆ ಕೊಳೆಗೈ ಇಡುತ್ತಾರೆ ಎಂದು ಉಳಿದವರು ಹೇಳುತ್ತಾರೆ. ಸುಳ್ಳೇನಲ್ಲ. ಆದರೂ ಒಂದು ವ್ಯತ್ಯಾಸವಿದೆ. ಮನೆಗೆ ಕಾಯಂ ವಿದ್ಯುತ್ ಸಂಪರ್ಕ ಪಡೆಯುವಾಗ ವೈರಿಂಗ್ ಸರಿಯಾಗಿ ಮುಗಿದಿದೆ, ಪರೀಕ್ಷೆ ಆಗಿದೆ ಎಂದು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರು ಸಹಿ ಹಾಕಬೇಕು. ಪೈಪು ತುಳಿದವರು, ಡಬ್ಬಿ ಮುಚ್ಚಿದವರು, ವೈರಿಗೆ ಪುಟ್ಟಿ ಬಳಿದವರು ಆ ಕಾಗದವನ್ನು ನೋಡಿಯೂ ಇರುವುದಿಲ್ಲ.

ಸಹಿ ಹಾಕುವ ಮುನ್ನ 500 ವೋಲ್ಟಿನ ಮೆಗ್ಗರ್ ಯಂತ್ರದಿಂದ ವೈರುಗಳ ಹೊದಿಕೆ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಬೇಕು. ಪ್ರತಿ ಸಾಕೆಟ್ಟಿನಲ್ಲೂ ಅರ್ಥಿಂಗ್ ಇದೆಯೇ ನೋಡಬೇಕು. ಮುಹೂರ್ತದ ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಇವೇ. ಹಸಿರು ವೈರಿನ ವಿಚಿತ್ರವೆಂದರೆ, ಅದು ಗೋಡೆಯೊಳಗೆಲ್ಲೋ ತುಂಡಾಗಿದ್ದರೂ ಮನೆಯಲ್ಲಿ ಏನೂ ನಿಲ್ಲುವುದಿಲ್ಲ. ದೀಪ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಫ್ರಿಜ್ ತಂಪು ಮಾಡುತ್ತದೆ. ಎಂದೋ ಒಂದು ದಿನ ಫ್ರಿಜ್ಜಿನ ಒಳಗಿನ ವೈರು ಅದರ ಲೋಹದ ಮೈಗೆ ತಾಗಿದಾಗ, ಬರಿಗಾಲಲ್ಲಿ ಬಂದ ಮಗು ಬಾಗಿಲು ಹಿಡಿದಾಗ, ಆ ಹಸಿರು ವೈರು ಬೇಕಾಗುತ್ತದೆ.

ಎರಡನೆಯ ಕಾವಲಾಗಿ ಈಗ ಆರ್‌ಸಿಸಿಬಿ ಎಂಬ ಸಾಧನ ಹಾಕುತ್ತಾರೆ. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ ಲೆಕ್ಕ ತಾಳೆಯಾಗದೆ 30 ಮಿಲಿ ಆಂಪಿಯರ್‌ನಷ್ಟು ಸೋರಿದರೂ ಅದು ತಕ್ಷಣ ಸಂಪರ್ಕ ಕಡಿಯುತ್ತದೆ. ಬಡಗಿ ಕನ್ನಡಿಗೆ ಹೊಡೆದ ಮೊಳೆ ಗೋಡೆಯೊಳಗಿನ ವೈರಿಗೆ ತಾಗಿದ್ದರೆ, ಮುಚ್ಚಿದ ಡಬ್ಬಿಯೊಳಗೆ ತೇವ ಉಳಿದಿದ್ದರೆ, ಅದು ಪದೇ ಪದೇ ಬೀಳುತ್ತದೆ. ಆಗ ಮನೆಯವರ ಬೇಡಿಕೆ ಏನು ಗೊತ್ತೇ? "ಅದೊಂದು ಕಾಟ, ತೆಗೆದುಹಾಕಿ!" ಕಳ್ಳನನ್ನು ಕಂಡು ಬೊಗಳಿತೆಂದು ಮನೆಯ ನಾಯಿಯನ್ನೇ ಓಡಿಸಿದ ಹಾಗೆ. "ನಾನು ತೆಗೆಯಲ್ಲ ಅಂದ್ರೆ ಇನ್ನೊಬ್ಬರನ್ನ ಕರೆಸಿ ತೆಗೆಸ್ತಾರೆ. ಈ ಕೆಲಸದಲ್ಲಿ ಬೇಜಾರಾಗೋದು ಅದಕ್ಕೇ ಸಾರ್, ಬೈಗುಳಕ್ಕಲ್ಲ" ಎಂದರು ಕುಣಿಗಲ್‌ನವರು.

ಪಾಠದಲ್ಲಿಲ್ಲದ ಪಾಠ

ಹತ್ತನೆಯ ತರಗತಿ ಮುಗಿಸಿದ ಹುಡುಗ ಹುಡುಗಿಯರಿಗೆ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಎರಡು ವರ್ಷದ್ದು. ಒಳ್ಳೆಯ ಕಸುಬು, ಕಲಿತವರಿಗೆ ಕೆಲಸಕ್ಕೆ ಬರವಿಲ್ಲ. ಅಲ್ಲಿಯೇ ಪಕ್ಕದ ಕೋಣೆಗಳಲ್ಲಿ ಪ್ಲಂಬರ್, ಬಡಗಿ ಮುಂತಾದ ಕಸುಬುಗಳನ್ನು ಬೇರೆ ಬೇರೆಯಾಗಿ ಕಲಿಸುತ್ತಾರೆ. ಕಟ್ಟಡದ ಜಾಗದಲ್ಲಿ ಮಾತ್ರ ಎಲ್ಲರಿಗೂ ಇರುವುದು ಅದೇ ನಾಲ್ಕು ಇಂಚಿನ ಗೋಡೆ. ನನ್ನ ಕೆಲಸದ ಮೇಲೆ ಇನ್ನೊಬ್ಬರ ಕೆಲಸ ನಿಲ್ಲಬೇಕು, ಅವರಿಗೆ ಜಾಗ ಬಿಟ್ಟು ನನ್ನದನ್ನು ಮುಗಿಸಬೇಕು ಎಂಬುದು ಅನುಭವದಿಂದ ಬರುವ ವಿದ್ಯೆ. ಮುಂದೆ ಇಂಜಿನಿಯರ್ ಆಗಲಿರುವವರಿಗೂ ಇದು ಬೇಕು. ಯಾಕೆಂದರೆ ಇಷ್ಟು ಜನರ ನಡುವೆ ನಿಂತು ಯಾರ ಕೆಲಸ ಮೊದಲು, ಯಾರದ್ದು ಆಮೇಲೆ ಎಂದು ಹೇಳಬೇಕಾದವರು ಅವರೇ.

ಮನೆ ಕಟ್ಟಿಸುವ ತಂದೆತಾಯಿಗಳು ಮಾಡಬಹುದಾದ್ದೂ ಇದೆ. ಅದಕ್ಕೆ ದೊಡ್ಡ ಖರ್ಚಿಲ್ಲ. ಗೋಡೆ ಏಳುವ ಮೊದಲೇ ಬಾಗಿಲು ಯಾವ ಕಡೆ ತೆರೆಯುತ್ತದೆ, ಮಂಚ, ಕಪಾಟು, ಫ್ರಿಜ್ ಎಲ್ಲಿ ಬರುತ್ತವೆ ಎಂದು ನಕ್ಷೆಯಲ್ಲಿ ಗುರುತಿಸಿ, ಎಲ್ಲ ಕೆಲಸದವರನ್ನೂ ಒಂದು ದಿನ ಕೂರಿಸಿ ಟೀ ಕೊಟ್ಟು ತೋರಿಸಬೇಕು. ಕಂಬಿ ಕಟ್ಟಿದ ಮೇಲೆ ಮೋಲ್ಡ್‌ಗೆ ಮುಂಚೆ ಪೈಪಿನ ಕೆಲಸಕ್ಕೆಂದು ಒಂದು ಪೂರ್ತಿ ದಿನ ಬಿಡಬೇಕು. ಕಾಂಕ್ರೀಟು ಬೀಳುವಾಗ ಎಲೆಕ್ಟ್ರಿಷಿಯನ್ ತಾರಸಿಯ ಮೇಲೆಯೇ ಇರಲಿ. ಕಳಚಿದ ಪೈಪನ್ನು ಆ ಕ್ಷಣ ಸೇರಿಸಬಹುದು. ಗಾರೆಗೆ ಮುಂಚೆ ಪ್ರತಿ ಗೋಡೆಗೂ ಅಳತೆಯ ಟೇಪು ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಮುಂದೆ ಮೊಳೆ ಹೊಡೆಯುವವರಿಗೆ ಅದೇ ದಾರಿದೀಪ. ಕೊನೆಯ ಪರೀಕ್ಷೆಗೆಂದು ಗೃಹಪ್ರವೇಶಕ್ಕೆ ಎರಡು ದಿನ ಮೊದಲು ಮನೆಯನ್ನು ಬಿಟ್ಟುಕೊಡಬೇಕು. ಆ ಎರಡು ದಿನ ಅಲ್ಲಿ ಪೇಂಟರ್ ಇರಬಾರದು, ಬಡಗಿಯೂ ಇರಬಾರದು.

ಸ್ವಂತ ಮನೆಯದಾಗಲಿ, ಬಂಧುಗಳದ್ದಾಗಲಿ, ಮೋಲ್ಡ್ ಹಾಕುವ ಹಿಂದಿನ ಸಂಜೆ ಮಕ್ಕಳ ಕೈ ಹಿಡಿದು ಜೋಪಾನವಾಗಿ ತಾರಸಿಯ ಏಣಿ ಹತ್ತಿಸಿ. ಎಲ್ಲಿಂದ ಎಲ್ಲಿಗೆ ಯಾವ ಪೈಪು ಹೋಗಿದೆ ಎಂದು ಎಲೆಕ್ಟ್ರಿಷಿಯನ್‌ರನ್ನು ಕೇಳಿ. ಅವರು ಸಂತೋಷದಿಂದ ಹೇಳುತ್ತಾರೆ. ಮನೆಯ ಪೈಪುಗಳೆಲ್ಲ ಕಣ್ಣಿಗೆ ಕಾಣುವುದು ಆ ಒಂದು ಸಂಜೆ ಮಾತ್ರ. ಮಕ್ಕಳಿಗೆ ಮೊದಲೇ ಹೇಳಿರಿ: ಕಾಲಿಡುವುದು ಹಲಗೆಯ ಮೇಲೆ, ಪೈಪಿನ ಮೇಲಲ್ಲ.